ನಾರೋ, ಹುಳವೋ

ಗಂಡನ ಸಂಶೋಧನೆಗೆ ಹೆಂಡತಿಯಷ್ಟು ದೊಡ್ಡ ಅಡ್ಡಗಾಲು ಈ ಭೂಮಂಡಲದಲ್ಲಿ ಮತ್ತೊಂದಿಲ್ಲ. ಇದನ್ನು ನಾನು ಕೋಪದಲ್ಲಿ ಹೇಳುತ್ತಿಲ್ಲ. (ಕೋಪದಲ್ಲೇ ಹೇಳುತ್ತಿದ್ದೇನೆ. ನೀವಾಗಿದ್ದರೂ ಹಾಗೇ ಹೇಳುತ್ತಿದ್ದಿರಿ.)

ಮಣ್ಣಿನಲ್ಲಿರುವ, ಬರಿಗಣ್ಣಿಗೆ ಕಾಣದ ಜೀವಿಗಳನ್ನು ಗುರುತಿಸುವ ಆನ್‌ಲೈನ್ ತರಬೇತಿಗೆ ಸೇರಿದ್ದು ನಾನು. ಮೈಕ್ರೋಸ್ಕೋಪು ತರಿಸಿದ್ದು ನಾನು. ಆರು ವಾರ ಭಾನುಪ್ರಿಯಾ ಮೇಡಂ ಪಾಠಕ್ಕೆ ಇಸ್ತ್ರಿ ಅಂಗಿ ತೊಟ್ಟು ಫೋನಿನ ಮುಂದೆ ಕೂತದ್ದೂ ನಾನೇ. ಕೊನೆಯ ಪರೀಕ್ಷೆಯಲ್ಲಿ ಮೊದಲು ಬಂದವರೇ ಮುಂದಿನ ತಂಡಕ್ಕೆ ಗುರುಗಳು. ಆ ಗುರು ನಾನೇ ಎಂದು ಹೊನ್ನವಳ್ಳಿಯ ಹಾಲಿನ ಡೈರಿಯಲ್ಲಿ ಆಗಲೇ ಘೋಷಿಸಿಬಿಟ್ಟಿದ್ದೆ. ನನ್ನ ಹೆಂಡತಿ ಕೋಮಲಾ ಮಾಡಿದ್ದಿಷ್ಟೇ, ದಿನಾ ನನ್ನ ಬೆನ್ನ ಹಿಂದೆ ಕೂತು ಬೆಳ್ಳುಳ್ಳಿ ಬಿಡಿಸಿದ್ದು. ಆರು ವಾರ ಬಿಡಿಸುವಷ್ಟು ಬೆಳ್ಳುಳ್ಳಿ ಮನೆಯಲ್ಲಿ ಎಲ್ಲಿತ್ತು ಎಂದು ಆಗಲೇ ಅನುಮಾನ ಪಡಬೇಕಿತ್ತು.

ಪರೀಕ್ಷೆಯ ದಿನ ನಮ್ಮ ತೆಂಗಿನ ಬುಡದ ಮಣ್ಣನ್ನು ನೀರಲ್ಲಿ ಕದಡಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿಗೆ ಫೋನು ಹಿಡಿದೆ. ಉದ್ದಕ್ಕೆ, ತೆಳ್ಳಗೆ ಏನೋ ನುಲಿಯುತ್ತಿತ್ತು. ಇದು ದುಂಡುಹುಳ, ಬೇರು ಕೊರೆಯುವ ರಕ್ಕಸ ಜಾತಿ ಎಂದು ಸಾರಿ, ತಿಪಟೂರು ಸೀಮೆಯ ತೆಂಗಿನ ಭವಿಷ್ಯದ ಬಗ್ಗೆ ಮೇಜು ಗುದ್ದಿ ಭಾಷಣ ಶುರು ಮಾಡಿದೆ.

"ರೀ, ಅದು ನಾರು ಕಣ್ರೀ. ಹಗ್ಗ ಹೊಸೆಯೋ ಕೈ ನಂದು, ಗೊತ್ತಾಗಲ್ವಾ?" ಎಂದಳು ಹಿಂದಿನಿಂದ.

"ನಾರು ಅಲ್ಲಾಡ್ತೈತೇನೇ?"

"ನೀವು ಮೇಜು ಗುದ್ದೋದು ನಿಲ್ಸಿ. ಅದೂ ನಿಲ್ತೈತೆ."

ನಿಲ್ಲಿಸಿದೆ. ನಿಂತಿತು. (ಬುಡಕ್ಕೆ ತೆಂಗಿನ ಸಿಪ್ಪೆ ಮುಚ್ಚಿದವನೂ ನಾನೇ ಎಂಬುದು ಇಲ್ಲಿ ಅಪ್ರಸ್ತುತ.)

ತರಬೇತಿಯ ನಲವತ್ತು ಜನ ತಂತಮ್ಮ ಫೋನಿನಲ್ಲಿ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟಕ್ಕೆ ಬಿಟ್ಟಳೇ? ಬೆಳ್ಳುಳ್ಳಿ ಕೈ ಸೆರಗಿಗೆ ಒರೆಸಿಕೊಂಡು ಬಂದು, ನನ್ನ ಫೋನು ತಾನು ಹಿಡಿದು, ಗಾಜನ್ನು ಕೂದಲೆಳೆಯಷ್ಟು ಸರಿಸಿದಳು. ನಾರಿನ ಪಕ್ಕದಲ್ಲೇ ನಿಜವಾದ ಹುಳವೊಂದು ಈಜುತ್ತಿತ್ತು.

"ಇದ್ರ ಬಾಯಲ್ಲಿ ಸೂಜಿ ಇಲ್ಲ ಮೇಡಂ. ಬೇರು ಚುಚ್ಚಲ್ಲ, ಬ್ಯಾಕ್ಟೀರಿಯಾ ತಿನ್ಕಂಡಿರ್ತೈತೆ. ಪಾಪದ್ದು."

ಮೇಡಂ ಹಿಗ್ಗಿಹೋದರು. ಆರು ವಾರದಲ್ಲಿ ನನ್ನನ್ನು ಒಮ್ಮೆಯೂ ಹೊಗಳದ ಹೆಂಗಸು, ತವರೂರು ಯಾವುದಮ್ಮ ಎಂದು ಇವಳನ್ನು ಅಕ್ಕರೆಯಿಂದ ಕೇಳಿದರು.

"ಹುಳಿಯಾರು" ಎಂದಳು.

ಹಾಳು ನೆಟ್‌ವರ್ಕು ಅದನ್ನು "ಹುಳ ಯಾರು" ಎಂದು ಮಾಡಿ ನಲವತ್ತು ಮನೆಗೂ ಮುಟ್ಟಿಸಿತು. ಸರಿಯಾಗಿ ಅದೇ ಗಳಿಗೆಗೆ ನಾನು ಸಿಟ್ಟಿನಲ್ಲಿ ಅವಳ ಕೈಯಿಂದ ಫೋನು ಎಳೆದೆ. ಕ್ಯಾಮೆರಾ ನನ್ನತ್ತ ತಿರುಗಿತು. ಪರದೆ ತುಂಬ ನನ್ನ ಮುಖ.

ಗುರುಪೀಠ ಯಾರ ಪಾಲಾಯಿತೆಂದು ಬಿಡಿಸಿ ಹೇಳಬೇಕೇ? ಡೈರಿಯಲ್ಲಿ ಈಗ ನನ್ನನ್ನು ಕಂಡವರೆಲ್ಲ, ಹುಳಿಯಾರಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳುತ್ತಾರೆ.

ಕೋಮಲಾ ಮೇಡಂ ಪಾಠ ಶುರುವಾಗಿ ವಾರವಾಯಿತು. ನಾನಂತೂ ಅದರ ಕಡೆ ತಲೆ ಹಾಕಿಲ್ಲ. ಸುಮ್ಮನೆ ಅವಳ ಬೆನ್ನ ಹಿಂದೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿರುತ್ತೇನೆ.