ಪೊರಕೆ ತಗುಲಿದ ಕಲ್ಲು

ಸರ್ಕಾರಿ ಕಾರಿನ ಡಿಕ್ಕಿಯಲ್ಲಿ ಸ್ವಂತದ್ದೊಂದು ಜೊತೆ ಬೂಟು ಇಟ್ಟುಕೊಳ್ಳಬಹುದೇ ಕೂಡದೇ ಎಂಬುದು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಆಡಳಿತದಲ್ಲಿ ಇನ್ನೂ ಇತ್ಯರ್ಥವಾಗದ ಗಂಭೀರ ಪ್ರಶ್ನೆ. ಇಲಾಖೆಯ ಕೈಪಿಡಿಯಲ್ಲಿ ಸ್ಪೇರ್ ಟೈರಿನ ಬಗ್ಗೆ ಎರಡು ಪುಟಗಳಿವೆ, ಸಲಿಕೆಯ ಬಗ್ಗೆ ಒಂದು ಪುಟ, ಹಿಮದಲ್ಲಿ ಸಿಕ್ಕಿಕೊಂಡರೆ ಹಚ್ಚಬೇಕಾದ ಮೇಣದಬತ್ತಿಯ ಬಗ್ಗೆ ಅರ್ಧ ಪುಟ. ಬೂಟಿನ ವಿಷಯ ಬರುವ ಹೊತ್ತಿಗೆ ಗ್ರಂಥಕರ್ತರು ಊಟಕ್ಕೆ ಎದ್ದುಹೋಗಿರಬೇಕು. ಬೇಡವೆಂದು ಬರೆದಿಲ್ಲವಲ್ಲ ಎಂಬ ಒಂದೇ ಧೈರ್ಯದ ಮೇಲೆ ಒರೆಸ್ಟ್ ಪಲಾಮಾರ್ ಮೂರು ಚಳಿಗಾಲಗಳಿಂದ ತನ್ನ ಕರ್ಲಿಂಗ್ ಬೂಟುಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ತಿರುಗುತ್ತಿದ್ದ.

ಕರ್ಲಿಂಗೆಂದರೆ ಮಂಜುಗಡ್ಡೆಯ ಮೇಲೆ ಭಾರದ ಕಲ್ಲನ್ನು ಜಾರಿಸಿ, ಅದರ ಮುಂದೆ ಪೊರಕೆಯಿಂದ ಗುಡಿಸುತ್ತ ದೂರದ ವೃತ್ತದ ನಡುವೆ ನಿಲ್ಲಿಸುವ ಆಟ. ಅವು ವಿಚಿತ್ರ ಬೂಟುಗಳು. ಎಡಗಾಲಿನ ಅಡಿ ಗಾಜಿನಷ್ಟು ನುಣುಪು, ಬಲಗಾಲಿನದು ಒರಟು ರಬ್ಬರು. ಒಂದು ಕಾಲು ಹೋಗೋಣ ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ. ಒರೆಸ್ಟನ ಸ್ವಭಾವಕ್ಕೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ಊರೂರಿನ ಕರ್ಲಿಂಗ್ ಅಂಕಣಗಳಲ್ಲಿ ಮಂಜುಗಡ್ಡೆ ಕಟ್ಟಿಸುವ ಯಂತ್ರಗಳ ತಪಾಸಣೆ ಅವನ ಉದ್ಯೋಗ. ಕರ್ಲಿಂಗೆಂದರೆ ಪ್ರಾಣ ಬಿಡುವವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಉಂಟೇ ಎಂದು ಜನ ಕೇಳುತ್ತಿದ್ದರು. ನವೆಂಬರಿನಿಂದ ಮಾರ್ಚಿನವರೆಗೆ ವಾರಕ್ಕೆ ಆರು ದಿನ, ಶನಿವಾರವೂ ಸೇರಿ, ಜನರೆಲ್ಲ ಆಡುವ ಹೊತ್ತಿನಲ್ಲಿ ಅವನು ಯಂತ್ರದ ಕೋಣೆಯಲ್ಲಿ ಕೊಳವೆಗಳನ್ನು ಮೂಸುತ್ತಿರುತ್ತಿದ್ದ. ಮದುವೆಮನೆಗೆ ಬಂದು, ಅಡುಗೆಮನೆಯ ಸಿಲಿಂಡರ್ ಪರೀಕ್ಷಿಸಿ, ಹಿಂಬಾಗಿಲಿನಿಂದ ಹೊರಟುಹೋಗುವವನ ಹಾಗೆ. ಮೂರು ಚಳಿಗಾಲದಲ್ಲಿ ಅವನು ಒಂದು ಕಲ್ಲನ್ನೂ ಜಾರಿಸಿರಲಿಲ್ಲ. ಅವನ ಸ್ವಂತ ಊರಿನ ತಂಡ ಅವನ ಜಾಗಕ್ಕೆ ಒಬ್ಬ ಹಲ್ಲಿನ ಡಾಕ್ಟರನ್ನು ಸೇರಿಸಿಕೊಂಡು ಸುಖವಾಗಿತ್ತು.

ಫೆಬ್ರವರಿಯ ಆ ಶನಿವಾರ ಬೆಳಿಗ್ಗೆ ಮೈನಸ್ ಮೂವತ್ತೆಂಟರ ಚಳಿಯಲ್ಲಿ, ಮನೆಯಿಂದ ನಾನೂರ ಹನ್ನೆರಡು ಕಿಲೋಮೀಟರ್ ದೂರದ ಆಲ್ಡರ್‌ಬಿ ಎಂಬ ಊರಿಗೆ ಬಂದಿಳಿದ ಒರೆಸ್ಟ್, ಡಿಕ್ಕಿಯಿಂದ ಸ್ಪ್ಯಾನರಿನ ಚೀಲವೆಂದುಕೊಂಡು ಬೂಟಿನ ಚೀಲವನ್ನು ಎತ್ತಿಕೊಂಡ. ರೆಪ್ಪೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿರುವಾಗ ಯಾರಿಗಾದರೂ ಆಗುವ ತಪ್ಪು. ಮುಂದಿನದಕ್ಕೆಲ್ಲ ಇದೇ ಕಾರಣ.

ಅಂಕಣದ ಮೇಲ್ವಿಚಾರಕ ಡೆಲ್ಮರ್ ಯಾಂಟ್ಸ್ ಅವನನ್ನು ಯಂತ್ರದ ಕೋಣೆಗೆ ಕರೆದೊಯ್ದ. ಡೆಲ್ಮರ್ ದಿನಕ್ಕೆ ನಲವತ್ತು ಮಾತಿಗಿಂತ ಹೆಚ್ಚು ಆಡದ ಮನುಷ್ಯ.

"ಮಿಷೀನು ನಿಲ್ಲಿಸಿದೀರಾ?" ಎಂದ ಒರೆಸ್ಟ್. ತಪಾಸಣೆಗೆ ಯಂತ್ರ ನಿಂತಿರಬೇಕು.

"ನಿಂತಿದೆ."

"ನಾನು ಹೇಳೋ ತನಕ ಶುರು ಮಾಡ್ಬೇಡಿ ಮತ್ತೆ."

"ಛೆ, ಇಲ್ಲಪ್ಪ," ಎಂದ ಡೆಲ್ಮರ್, ಬಹಳ ಪ್ರಾಮಾಣಿಕವಾಗಿ.

ಒರೆಸ್ಟ್ ಚೀಲ ಬಿಚ್ಚಿದ. ಬೂಟುಗಳು ಹೊರಬಿದ್ದವು. ಡೆಲ್ಮರ್ ಎಡಗಾಲಿನ ನುಣುಪನ್ನು ನೋಡಿದ, ಒರೆಸ್ಟನ ಮುಖವನ್ನು ನೋಡಿದ, ಹೊರಗೆ ನಡೆದ. ಒರೆಸ್ಟ್ ಕಾರಿಗೆ ಹೋಗಿ ಸ್ಪ್ಯಾನರ್ ತಂದು ಯಂತ್ರದ ಮುಂದೆ ಕೂತ. ಸುರಕ್ಷತೆಯ ಕವಾಟ ತುಕ್ಕು ಹಿಡಿದು ಸ್ಪ್ಯಾನರಿಗೆ ಜಗ್ಗಲಿಲ್ಲ. ಒತ್ತಡದ ಮುಳ್ಳು ಸೊನ್ನೆಯಲ್ಲಿ ನಿಂತಿತ್ತು. ಮಾಪಕವೂ ಕೆಟ್ಟಿದೆ ಎಂದು ಬರೆದುಕೊಂಡ. ಇಂಥ ಯಂತ್ರಕ್ಕೆ ತಕ್ಷಣ ಕೆಂಪು ಚೀಟಿ ಕಟ್ಟಬೇಕು. ಕಟ್ಟಿದರೆ ದುರಸ್ತಿಯಾಗುವವರೆಗೆ ಅಂಕಣ ಬಂದ್. ಚೀಟಿಗಾಗಿ ಜೇಬಿಗೆ ಕೈ ಹಾಕುತ್ತ ಅವನು ಗೋಡೆಯ ಸಣ್ಣ ಕಿಟಕಿಯ ಆಚೆ ನೋಡಿದ. ಕೈ ಜೇಬಿನಲ್ಲೇ ಉಳಿಯಿತು.

ಅವನು ಎಷ್ಟು ಊರಿನ ಮಂಜುಗಡ್ಡೆ ನೋಡಿದ್ದನೋ ಲೆಕ್ಕವಿಲ್ಲ. ಹಾಲು ಸುರಿದಂತಿದ್ದದ್ದು, ಸೀಳು ಬಿಟ್ಟಿದ್ದು, ಬೆವರುತ್ತಿದ್ದದ್ದು. ಇದು ಬೇರೆ. ಇದಕ್ಕೆ ಬಣ್ಣವೇ ಇರಲಿಲ್ಲ. ನಲವತ್ತೈದು ಮೀಟರ್ ಉದ್ದಕ್ಕೂ ಬೆಳಕೇ ಹೆಪ್ಪುಗಟ್ಟಿ ಮಲಗಿದಂತಿತ್ತು. ಡೆಲ್ಮರ್ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ, ಬಿಸಿನೀರ ಹನಿಗಳನ್ನು ಚಿಮುಕಿಸುತ್ತಿದ್ದ. ಬಿದ್ದ ಹನಿ ಬಿದ್ದಲ್ಲೇ ಮುತ್ತಾಗುತ್ತಿತ್ತು. ಯಾರೋ ಪರೀಕ್ಷೆಗೆಂದು ಒಂದು ಕಲ್ಲನ್ನು ಜಾರಿಸಿದರು. ಇಪ್ಪತ್ತು ಕಿಲೋ ತೂಕದ ಆ ಕಲ್ಲು ದೂರದ ಗುಡುಗಿನಂತೆ ಮೆಲ್ಲಗೆ ಗುನುಗುತ್ತ ಹೋಯಿತು, ಹೋಯಿತು, ನಿಲ್ಲುವ ಮನಸ್ಸೇ ಇಲ್ಲದಂತೆ ಹೋಗುತ್ತಲೇ ಇತ್ತು. ಒರೆಸ್ಟ್ ಟೋಪಿ ತೆಗೆದ. ತೆಗೆದದ್ದು ಅವನಿಗೆ ಗೊತ್ತಾಗಲಿಲ್ಲ.

ಇಷ್ಟು ಕೆಟ್ಟ ಯಂತ್ರ ಇಂಥ ಮಂಜುಗಡ್ಡೆ ಕಟ್ಟುವುದಾದರೆ, ಅದನ್ನು ಮಾಡಿದ ಕೈಗಳಿಗೆ ನಮಸ್ಕಾರ ಎಂದುಕೊಂಡ.

ಬಾಗಿಲು ದಡಾರನೆ ತೆರೆಯಿತು. ಎಪ್ಪತ್ತೊಂದು ವರ್ಷದ ಸೋಲ್ವೈಗ್ ಟ್ವೇಟ್, ಊರಿನ ನಿವೃತ್ತ ಪೋಸ್ಟ್‌ಮಾಸ್ಟರ್ ಮತ್ತು ಕರ್ಲಿಂಗ್ ತಂಡದ ನಾಯಕಿ, ಒಳಗೆ ಬಂದಳು.

"ಎಲ್ಲಪ್ಪಾ, ಬೂಟು ತೋರ್ಸು."

ಕುದುರೆ ಕೊಳ್ಳುವವರು ಗೊರಸು ನೋಡುವಂತೆ ಅವಳು ಅಡಿಯನ್ನು ತಿರುಗಿಸಿ ನೋಡಿದಳು. "ಸವೆದಿದೆ. ಶೋಕಿಗೆ ತಗೊಂಡಿರೋದಲ್ಲ. ಹಾಕ್ಕೊ, ನಡಿ."

"ಅಮ್ಮಾ, ನಾನು ಡ್ಯೂಟಿ ಮೇಲೆ ಬಂದಿರೋನು. ತಪಾಸಣೆ ಮಾಡೋ ಊರಲ್ಲಿ ಒಂದು ಲೋಟ ಕಾಫಿ ಸಹ ಮುಟ್ಟೋ ಹಾಗಿಲ್ಲ."

"ನಿಂಗೆ ಕಾಫಿ ಕೊಡ್ತೀನಿ ಅಂತ ಯಾರು ಅಂದ್ರು? ಗುಡ್ಸೋಕೆ ಕರೀತಿದೀನಿ. ಇವತ್ತು ಮಾರ್ಟನ್ ಫ್ಲಾಟಿನವರ ಜೊತೆ ಫೈನಲ್ಲು. ನಮ್ಮ ಹಾರ್ವಿ ಫ್ಲೂ ಬಂದು ಮಲಗಿದಾನೆ. ಗೆದ್ದೋರಿಗೆ ಕೊಡೋ ಬೆಳ್ಳಿ ಕೆಟಲ್ಲು ಹತ್ತೊಂಬತ್ತು ವರ್ಷದಿಂದ ಆ ಊರಲ್ಲೇ ಕೂತಿದೆ. ಪೊರಕೆ ಹಿಡಿದು ಗುಡ್ಸೋದು ಕೂಲಿ ಕೆಲಸ ಕಣಯ್ಯ, ಉಪಕಾರ ಅಲ್ಲ."

ಈ ವಾದದಲ್ಲಿ ಎಲ್ಲೋ ತಪ್ಪಿದೆ ಎಂದು ಒರೆಸ್ಟನಿಗೆ ಅನ್ನಿಸಿತು. ಹುಡುಕುವಷ್ಟರಲ್ಲಿ ಎಡಗಾಲಿನ ಬೂಟು ಕಾಲಿಗೇರಿತ್ತು. ಯಂತ್ರ ಹೇಗೂ ನಿಂತಿದೆ, ಯಾರಿಗೂ ಅಪಾಯವಿಲ್ಲ. ಆಟ ಮುಗಿದ ಮೇಲೆ ಚೀಟಿ ಕಟ್ಟಿದರಾಯಿತು. ಕೆಂಪು ಚೀಟಿ ಜೇಬಿನಲ್ಲೇ ಮಡಚಿಕೊಂಡಿತು.

ಎದುರು ತಂಡದ ನಾಯಕ ರೆಜಿ ಒಲೆಸ್ಕಿ ಟ್ರ್ಯಾಕ್ಟರ್ ಮಾರುವವನು; ಗಂಟಲೂ ಅದಕ್ಕೆ ತಕ್ಕದ್ದೇ. "ಏನು ಸೋಲ್ವೈಗ್, ಊರಲ್ಲಿ ಜನ ಸಿಗದೆ ಸರ್ಕಾರದಿಂದ ಒಬ್ಬನ್ನ ತರಿಸ್ಕೊಂಡ್ಯಾ?"

"ಟ್ಯಾಕ್ಸ್ ಕಟ್ಟಿದೀವಲ್ಲ. ಒಬ್ಬನ್ನಾದ್ರೂ ಬಳಸ್ಕೋಬೇಡ್ವಾ?"

ಆಟ ಶುರುವಾಯಿತು. ಮೂರು ವರ್ಷದ ನಂತರ ಮೊದಲ ಕಲ್ಲನ್ನು ಕೈಬಿಟ್ಟಾಗ ಒರೆಸ್ಟನ ಎದೆ ಜಾತ್ರೆಯಲ್ಲಿ ತಪ್ಪಿಸಿಕೊಂಡಿದ್ದ ಮಗು ಸಿಕ್ಕಿದಂತೆ ಕುಣಿಯಿತು. ಕಲ್ಲು ಅವನು ಅಂದುಕೊಂಡ ದಾರಿಯಲ್ಲಿ, ಅಂದುಕೊಂಡ ತಿರುವಿನಲ್ಲಿ, ಅಂದುಕೊಂಡ ಜಾಗಕ್ಕೇ ಹೋಯಿತು. ಅವನ ಇಡೀ ಆಯುಸ್ಸಿನಲ್ಲಿ ಯಾವುದೂ ಹಾಗೆ ಹೋದದ್ದಿಲ್ಲ. ಅಂಕಣದೊಳಗೂ ಮೀಸೆ ಬಿಳುಪೇರುವಷ್ಟು ಚಳಿಯಿತ್ತು.

"ಡೆಲ್ಮರ್, ನಿಮ್ಮ ಮಿಷೀನಿಗೆ ಕೈಮುಗೀಬೇಕು ಮಾರಾಯ್ರೇ!" ಎಂದು ಕೂಗಿದ.

ಡೆಲ್ಮರಿಗೆ ಕೆಮ್ಮು ಬಂತು.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಸುತ್ತು. ಎರಡೂ ತಂಡ ಸಮ. ಉಳಿದದ್ದು ಸೋಲ್ವೈಗ್‌ಳ ಒಂದೇ ಕಲ್ಲು. ಆಚೆ ತುದಿಯ ವೃತ್ತದ ನಟ್ಟನಡುವೆ ಅದು ನಿಂತರೆ ಕೆಟಲ್ಲು ಆಲ್ಡರ್‌ಬಿಗೆ; ಇಲ್ಲದಿದ್ದರೆ ವೃತ್ತದೊಳಗೆ ಆಗಲೇ ಕೂತಿದ್ದ ರೆಜಿಯ ಕಲ್ಲಿನಿಂದಾಗಿ ಮಾರ್ಟನ್ ಫ್ಲಾಟಿಗೆ. ಗಾಜಿನ ಹಿಂದೆ ಇಡೀ ಊರು ಮೂಗು ಒತ್ತಿ ನಿಂತಿತ್ತು.

ಸೋಲ್ವೈಗ್ ಕಲ್ಲು ಬಿಟ್ಟಳು. "ಗುಡ್ಸೂ!" ಎಂದು ಕಿರುಚಿದಳು. ಒರೆಸ್ಟ್ ಗುಡಿಸಿದ. ಹೊಸ ಸೊಸೆ ಅತ್ತೆಯೆದುರು ಅಂಗಳ ಗುಡಿಸುವಂತೆ, ಉಸಿರು ಬಿಡದೆ ಗುಡಿಸಿದ. ಕಲ್ಲು ಗುನುಗುತ್ತ ಬಂತು, ತಿರುಗಿತು, ವೃತ್ತದೊಳಗೆ ಕಾಲಿಟ್ಟಿತು. ಆಗ ಅವನ ಪೊರಕೆಯ ಅಂಚು ಕಲ್ಲಿಗೆ ಸೋಕಿತು. ಸೋಕಿತು ಎನ್ನುವುದೂ ಹೆಚ್ಚು. ಬೆಕ್ಕಿನ ಮೀಸೆ ಹಾಲಿಗೆ ಸೋಕಿದಷ್ಟು. ಕಲ್ಲು ಹೋಗಿ ನಟ್ಟನಡುವೆ ನಿಂತಿತು.

ಊರು ಬೊಬ್ಬೆ ಹೊಡೆಯಿತು. ಯಾರೂ ನೋಡಿರಲಿಲ್ಲ.

ಜಾರುವ ಕಲ್ಲಿಗೆ ಪೊರಕೆ ತಾಗಿದರೆ ತಪ್ಪು; ಆದರೆ ಕರ್ಲಿಂಗಿನಲ್ಲಿ ಇದಕ್ಕೆ ಸೀಟಿ ಊದುವವರಿಲ್ಲ. ತಗುಲಿಸಿದವನೇ ಬಾಯಿಬಿಟ್ಟು ಹೇಳಬೇಕು, ಅಷ್ಟೇ ಅಲ್ಲಿನ ಕಾನೂನು. ಅಲ್ಲಿಯ ಮಕ್ಕಳು ಓದು ಬರಹಕ್ಕಿಂತ ಮೊದಲು ಇದನ್ನು ಕಲಿಯುತ್ತಾರೆ. ಒರೆಸ್ಟನ ನುಣುಪುಗಾಲು ಹೋಗೋಣ ಎಂದಿತು. ರಬ್ಬರುಗಾಲು ಅಲ್ಲಾಡಲಿಲ್ಲ.

"ತಗುಲಿತು," ಎಂದ.

ಬೊಬ್ಬೆ ನಿಂತಿತು.

"ಏನು ತಗುಲಿತು?" ಎಂದಳು ಸೋಲ್ವೈಗ್.

"ನನ್ನ ಪೊರಕೆ. ಕಲ್ಲಿಗೆ."

ಕಲ್ಲು ಇರಬೇಕೋ ಹೋಗಬೇಕೋ ಎನ್ನುವುದು ಈಗ ಎದುರಾಳಿಯ ಹಕ್ಕು. ರೆಜಿ ಕೆನ್ನೆ ಕೆರೆದುಕೊಂಡ. "ತಗುಲದಿದ್ರೂ ಅಲ್ಲಿಗೇ ಬರ್ತಿತ್ತು ಬಿಡಿ. ಇರ್ಲಿ."

"ಇರ್ಲಿ ಅನ್ನೋಕೆ ನಾನೇನು ಭಿಕ್ಷೆಗೆ ಬಂದಿದೀನಾ?" ಸೋಲ್ವೈಗ್ ಉದ್ದಕ್ಕೂ ನಡೆದುಬಂದು, ತನ್ನ ಕಲ್ಲನ್ನು ತಾನೇ ಕಾಲಿನಿಂದ ಆಚೆ ತಳ್ಳಿದಳು. ಕೆಟಲ್ಲು ಇಪ್ಪತ್ತನೆಯ ವರ್ಷಕ್ಕೆ ಮಾರ್ಟನ್ ಫ್ಲಾಟಿಗೆ ಹೋಯಿತು.

ಗೆದ್ದವರು ಸೋತವರಿಗೆ ಕುಡಿಸಬೇಕೆಂಬುದು ಪದ್ಧತಿ. ರೆಜಿಯ ಊರು ಇವತ್ತಿನ ತಪಾಸಣೆಗೆ ಸೇರಿದ್ದಲ್ಲವಾದ್ದರಿಂದ ಅವನ ವಿಸ್ಕಿಯನ್ನು ಮುಟ್ಟಬಹುದೆಂದು ಒರೆಸ್ಟ್ ತೀರ್ಪು ಕೊಟ್ಟುಕೊಂಡ. ಊರಿನವರು ತನ್ನನ್ನು ಹಿಮದ ರಾಶಿಯಲ್ಲಿ ಹೂಳುತ್ತಾರೆಂದು ಅವನು ಕಾಯುತ್ತಿದ್ದ. ಬದಲಿಗೆ ಒಬ್ಬೊಬ್ಬರಾಗಿ ಬಂದು ಕೈ ಕುಲುಕಿದರು.

ಸೋಲ್ವೈಗ್ ಅವನ ಪಕ್ಕ ಕೂತಳು. "ನೋಡಯ್ಯ, ಇನ್ಮೇಲೆ ಪ್ರತಿ ವರ್ಷ ಫೈನಲ್ ದಿನವೇ ತಪಾಸಣೆಗೆ ಬಾ. ತಂಡದಲ್ಲಿ ನಿನ್ನ ಜಾಗ ಖಾಯಂ. ಹಾರ್ವಿಗೆ ಆ ದಿನ ಫ್ಲೂ ಬರೋ ಹಾಗೆ ನಾನು ನೋಡ್ಕೋತೀನಿ."

ಒರೆಸ್ಟನ ಕಣ್ಣು ತುಂಬಿತು. ವರ್ಷಕ್ಕೊಂದು ದಿನ, ಈ ಮಂಜುಗಡ್ಡೆಯ ಮೇಲೆ, ಸರ್ಕಾರದ ಖರ್ಚಿನಲ್ಲಿ! ಆದರೆ ಜೇಬಿನ ಕೆಂಪು ಚೀಟಿ ಕೆಂಡದಂತೆ ಸುಡುತ್ತಿತ್ತು. ಕಲ್ಲಿನ ವಿಷಯದಲ್ಲಿ ನಿಜ ಹೇಳಿ ಯಂತ್ರದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಅವನು ಎದ್ದು ನಿಂತ.

"ನಿಮಗೊಂದು ವಿಷಯ ಹೇಳ್ಬೇಕು. ಬೆಳಿಗ್ಗೇನೇ ಹೇಳ್ಬೇಕಿತ್ತು. ಆಟದ ಆಸೆಗೆ ಹೇಳ್ಲಿಲ್ಲ." ಚೀಟಿಯನ್ನು ಮೇಜಿನ ಮೇಲಿಟ್ಟ. "ನಿಮ್ಮ ಮಿಷೀನು ಬಂದ್ ಮಾಡಿಸ್ಬೇಕು. ಇವತ್ತೇ. ಕ್ಷಮಿಸಿ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಾತಾಡಿದ್ದು ಡೆಲ್ಮರ್.

"ಅದು ಸತ್ತು ಎರಡು ವರ್ಷ ಆಯ್ತು."

"ಏನದು?"

"ಮಿಷೀನು. ಗ್ಯಾಸ್ ಕೂಡ ಖಾಲಿ ಮಾಡಿಸಿದೀವಿ. ನಿಂತಿದೆ ಅಂದೆನಲ್ಲ."

"ಹಂಗಾದ್ರೆ ಈ ಐಸು?"

ಡೆಲ್ಮರ್ ಅವನನ್ನು ಅಂಕಣದ ಆ ತುದಿಗೆ ಕರೆದೊಯ್ದು, ಕೊಟ್ಟಿಗೆಯ ಬಾಗಿಲಿನಷ್ಟು ದೊಡ್ಡ ಎರಡು ಬಾಗಿಲುಗಳನ್ನು ತಳ್ಳಿದ. ಪಶ್ಚಿಮದ ಬಯಲಿನ ಗಾಳಿ ಒಳನುಗ್ಗಿತು. ಬಯಲಿಗೆ ಕೊನೆಯಿರಲಿಲ್ಲ. ಬೇಲಿಯಿಲ್ಲ, ಮರವಿಲ್ಲ, ಭೂಮಿ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂಬ ಗುರುತಿಲ್ಲ. ಹಿಮದ ಪುಡಿ ಗಾಳಿಯಲ್ಲಿ ಮಿನುಗುತ್ತಿತ್ತು. ಆ ಪುಡಿಯ ಮಾಯೆಯಿಂದ ಇಳಿಬಿಸಿಲಿನ ಸೂರ್ಯನ ಎಡಕ್ಕೊಬ್ಬ ಬಲಕ್ಕೊಬ್ಬ ಹುಸಿ ಸೂರ್ಯ ನಿಂತಿದ್ದ. ಮೂವರೂ ಸೇರಿ ಕಾಸಿದರೂ ಆ ಚಳಿಯ ಒಂದು ಕೂದಲೂ ಕೊಂಕುತ್ತಿರಲಿಲ್ಲ.

"ರಾತ್ರಿ ಬಾಗಿಲು ತೆಗೆದಿಡ್ತೀನಿ," ಎಂದ ಡೆಲ್ಮರ್. "ಅಷ್ಟೇ."

ಒರೆಸ್ಟ್ ಹೊಸ್ತಿಲವರೆಗೆ ಹೋಗಿ ಬಯಲು ನೋಡಿ ಬಂದ. ಕೊನೆಗೆ, "ಮತ್ತೆ ಇಲಾಖೆಗೆ ಯಾಕೆ ಹೇಳ್ಲಿಲ್ಲ?" ಎಂದ.

"ನೀವು ಅಷ್ಟು ದೂರದಿಂದ ಬರ್ತೀರಿ," ಎಂದಳು ಹಿಂದೆಯೇ ಬಂದಿದ್ದ ಸೋಲ್ವೈಗ್. "ಬರಬೇಡಿ ಅಂತ ಹೆಂಗೆ ಬರೆಯೋದು? ಮರ್ಯಾದೆ ಅಲ್ಲ. ಹೋದ ವರ್ಷ ಬಂದ ಪುಣ್ಯಾತ್ಮ ಚಳಿ ಅಂತ ಕಾರಿಂದ ಇಳೀಲೇ ಇಲ್ಲ. ಎಲ್ಲ ಸರಿಯಿದೆ ಅಂತ ಬರ್ಕೊಂಡು ಹೋದ. ನೀನೂ ಹಂಗೇ ಬರ್ಕೊ. ಬರೋ ವರ್ಷ ಬಾ."

ಒರೆಸ್ಟ್ ಕಾರಿನಲ್ಲಿ ಕೂತು ವರದಿಯ ಹಾಳೆ ತೆಗೆದ. 'ಯಂತ್ರ ಬಳಕೆಯಲ್ಲಿದೆಯೇ?' ಎಂಬ ಸಾಲಿನ ಮುಂದೆ ಎರಡು ಚೌಕಗಳಿದ್ದವು. ಕಿಟಕಿಯಾಚೆ ಇಡೀ ಊರು ಕೈ ಬೀಸುತ್ತ ನಿಂತಿತ್ತು. ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು; ಅದನ್ನು ಬಾಯಲ್ಲಿಟ್ಟು ಕರಗಿಸುವಷ್ಟು ಹೊತ್ತು ಯೋಚಿಸಿದ. ಆಮೇಲೆ 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದ.

ಯಂತ್ರವಿಲ್ಲದ ಊರಿಗೆ ತಪಾಸಣೆಯ ಅಗತ್ಯವಿಲ್ಲವೆಂದು ಇಲಾಖೆ ಸೋಮವಾರ ಆಲ್ಡರ್‌ಬಿಯನ್ನು ಒರೆಸ್ಟನ ಪ್ರವಾಸದ ಪಟ್ಟಿಯಿಂದ ತೆಗೆದುಹಾಕಿತು.