ಹುರಳಿ ಹಾಸಿದ ರಸ್ತೆಗೆ ಸಪ್ಪಳವಿಲ್ಲದೆ ಬಂದ ಬಿಳಿ ಕಾರಿಗೆ

ನೇಸರಗಿ–ಬೈಲಹೊಂಗಲ ರಸ್ತೆಯಲ್ಲಿ ಗಾಳಿಗೂ ಸುಳಿವು ಕೊಡದೆ ಸಂಚರಿಸುವ ಮಾನ್ಯ ಬಿಳಿ ಹೈಬ್ರಿಡ್ ಕಾರಿನವರ ನಾಲ್ಕೂ ಗಾಲಿಗಳಿಗೆ, ಸೈಕಲ್ ಸವಾರ ಶಟ್ಟೆಪ್ಪನ ಶರಣು ಶರಣಾರ್ಥಿ.

ಮಾನ್ಯರೇ, ತಾವು ಹೊಗೆ ಉಗುಳುವುದಿಲ್ಲ, ಗದ್ದಲ ಮಾಡುವುದಿಲ್ಲ, ಪೆಟ್ರೋಲನ್ನೂ ಪಥ್ಯದವರ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತೀರಿ ಎಂದು ಕೇಳಿದ್ದೇನೆ. ಇಷ್ಟು ಸಭ್ಯರು ನಮ್ಮ ತಾಲ್ಲೂಕಿಗೆ ಬಂದದ್ದೇ ನಮ್ಮ ಪುಣ್ಯ. ಆದರೆ ತಮ್ಮ ಮೌನವ್ರತದಿಂದ ನನ್ನ ಹೆಂಡತಿ ಸುಂದರವ್ವ ಕಿವುಡಿಯಾಗಿದ್ದಾಳೆ. ಅಂದರೆ, ಆಕೆ ಹಾಗಂತ ತಿಳಿದುಕೊಂಡಿದ್ದಾಳೆ. ಮನೆಯಲ್ಲಿರುವ ನನಗೆ ಎರಡೂ ಒಂದೇ ಆಗಿದೆ.

ನಡೆದದ್ದು ಇಷ್ಟು. ಸುಗ್ಗಿಯಲ್ಲಿ ನಾವು ಕಿತ್ತ ಹುರಳಿಯನ್ನು ಡಾಂಬರು ರಸ್ತೆಯ ಅರ್ಧಕ್ಕೆ ಹಾಸುತ್ತೇವೆ, ಬಂದುಹೋಗುವ ವಾಹನಗಳೇ ತುಳಿದು ಕಾಳು ಉದುರಿಸುತ್ತವೆ. ತಪ್ಪು ಅನ್ನುವವರು ಅನ್ನಲಿ, ಕಣ ಮಾಡುವ ಜಾಗದಲ್ಲೆಲ್ಲ ಪ್ಲಾಟು ಬಿದ್ದಿವೆ. ಸುಂದರವ್ವ ರಸ್ತೆಗೆ ಬೆನ್ನು ಹಾಕಿಯೇ ಹುರಳಿ ತಿರುವಿ ಹಾಕುತ್ತಾಳೆ; ಬಂದದ್ದು ಲಾರಿಯೋ, ಟಂಟಮ್ಮೋ, ಮುನವಳ್ಳಿ ಬಸ್ಸೋ ಎಂದು ಸಪ್ಪಳದ ಮೇಲೆಯೇ ಹೇಳಿ, ತಾನೂ ಸರಿದು ಉಳಿದ ಹೆಂಗಸರನ್ನೂ ಸರಿಸುವವಳು ಆಕೆಯೇ. ಕಳೆದ ಬುಧವಾರ ತಾವು ದಯಮಾಡಿಸಿದಿರಿ. ಗಾಲಿ ಹೊಲಸಾದೀತೆಂದು ಹುರಳಿ ಬಿಟ್ಟು ಬರೀ ಡಾಂಬರಿನ ಮೇಲೆ ಬಂದಿರಿ, ಸಂಭಾವಿತರಂತೆ ವೇಗ ತಗ್ಗಿಸಿದಿರಿ, ತಗ್ಗಿಸಿದ ಕೂಡಲೇ ತಮ್ಮ ಎಂಜಿನ್ ಮಲಗಿ ಬ್ಯಾಟರಿ ಎದ್ದಿತು, ಇದ್ದಷ್ಟು ಸಪ್ಪಳವೂ ಅಡಗಿತು. ತಮ್ಮ ಕನ್ನಡಿ ಸೆರಗು ಎಳೆದಾಗಲೇ ಆಕೆಗೆ ತಾವು ಬಂದದ್ದು ಗೊತ್ತಾದದ್ದು! ಎದುರಿನಿಂದ ಬರುತ್ತಿದ್ದ ನಾನು ಅಯ್ಯಯ್ಯೋ ಎಂದು ಚೀರುತ್ತ, ಸೈಕಲ್ಲನ್ನು ರಸ್ತೆಯ ಮೇಲೆ ಬಿಟ್ಟು, ತಗ್ಗಿಗೆ ಉರುಳಿದೆ. ತಾವು ಇನ್ನೊಂದು ಗೇಣು ಆಕೆಯ ಕಡೆಗೆ ಬಂದಿದ್ದರೆ ಆಕೆ ಇವತ್ತು ಇರುತ್ತಿರಲಿಲ್ಲ.

ಅಂದಿನಿಂದ ಸುಂದರವ್ವ, "ನನ್ನ ಕಿವಿ ಹೋದ್ವುರಿ, ಇನ್ನ ನಾ ರಸ್ತಾಕ್ಕ ಕಾಲಿಡಂಗಿಲ್ಲ" ಎಂದು ಮನೆಯಲ್ಲಿ ಕುಳಿತುಬಿಟ್ಟಿದ್ದಾಳೆ. ಹೊಲವಿಲ್ಲ, ಸಂತೆಯಿಲ್ಲ, ಓಣಿಯ ತುದಿಯಲ್ಲಿರುವ ತಂಗಿ ಸೋಮವ್ವನ ಮನೆಯೂ ಇಲ್ಲ. ಬೈಲಹೊಂಗಲದ ಡಾಕ್ಟರು "ಅವ್ವಾರ, ಕಿವಿ ಛಲೋ ಅದಾವ್ರಿ" ಎಂದರೆ, ಸಮಾಧಾನಕ್ಕೆ ಹೇಳುತ್ತಾರೆ ಎನ್ನುತ್ತಾಳೆ. ನಾನು ಅಡಿಗೆಮನೆಯ ಹೊರಗೆ ನಿಂತು ಆಕೆಯ ತವರಿನವರನ್ನು ಪಿಸುದನಿಯಲ್ಲಿ ಬೈದು ನೋಡಿದೆ. ಲಟ್ಟಣಿಗೆ ನೆಟ್ಟಗೆ ನನ್ನ ಕಡೆಗೇ ಬಂತು, ಆದರೂ ಆಕೆಗೆ ನಂಬಿಕೆ ಬರಲಿಲ್ಲ. ಚೇಷ್ಟೆ ಬಿಟ್ಟು ಹೇಳುತ್ತೇನೆ, ಈಗ ಹೊಸ್ತಿಲು ದಾಟುವಾಗಲೂ ಆಕೆ ನನ್ನ ಕೈ ಹಿಡಿಯುತ್ತಾಳೆ. ಅದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ಆದಕಾರಣ ತಾವು ನಮ್ಮ ಎತ್ತಿನ ಗೆಜ್ಜಿಸರವನ್ನು ಕೊರಳಿಗೆ ಕಟ್ಟಿಕೊಳ್ಳಬೇಕೆಂದು ವಿನಂತಿ. ಸಂಕೋಚವಾದರೆ, ಹಾಡು ಹಚ್ಚಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರಿನವರಿಂದ ಅರ್ಧ ಸಪ್ಪಳ ಕಡ ಇಸಿದುಕೊಳ್ಳಿ, ಅವರ ಹತ್ತಿರ ಬೇಕಾದಷ್ಟಿದೆ. ಅದೂ ಆಗದಿದ್ದರೆ ಒಮ್ಮೆ ನಮ್ಮ ಓಣಿಗೆ ಬನ್ನಿ. ಓಣಿಯವರೆಲ್ಲ ಸುಂದರವ್ವನ ಪಕ್ಕದಲ್ಲಿ ತಮಗೆ ಬೆನ್ನು ಹಾಕಿ ನಿಲ್ಲುತ್ತೇವೆ, ತಾವು ಹಿಂದಿನಿಂದ ಮೆಲ್ಲಗೆ ಬರಬೇಕು, ನಮ್ಮಲ್ಲಿ ಯಾರಿಗೂ ಕೇಳಿಸಬಾರದು. ಆಗಲಾದರೂ ಆಕೆ ತನ್ನ ಕಿವಿಯನ್ನು ನಂಬಿಯಾಳು. ಹತ್ತಿರ ಬಂದಾಗ ನಿಲ್ಲುವುದನ್ನು ಮಾತ್ರ ಮರೆಯಬೇಡಿ.

ತಮ್ಮ ವಿಶ್ವಾಸಿ, ಆದರೂ ಹಿಂದೆ ಹಿಂದೆ ನೋಡುತ್ತಲೇ ಸೈಕಲ್ ತುಳಿಯುವ,
ಶಟ್ಟೆಪ್ಪ

ತಾ.ಕ.: ತಮಗೆ ದನಿಯೇ ಇಲ್ಲವೆಂದು ಯಾರೂ ಅಪಪ್ರಚಾರ ಮಾಡಕೂಡದು. ಸುಂದರವ್ವನ ಬೆನ್ನ ಹಿಂದೆ ಸುಮ್ಮನಿದ್ದ ತಾವು, ಅಡ್ಡ ಬಿದ್ದ ನನ್ನ ಸೈಕಲ್ ಕಂಡ ಕೂಡಲೇ ಹೊಡೆದ ಹಾರ್ನು ಆಚೆ ಊರಿಗೆ ಕೇಳಿಸಿತ್ತು.