ರಾಶಿಯ ತಳ ನೋಡುವ ತಮ್ಮ

ದೇವರೇ ಪ್ರತ್ಯಕ್ಷನಾಗಿ ಎದುರು ನಿಂತರೂ ನನ್ನ ತಮ್ಮ ಕೈ ಮುಗಿಯುವುದಿಲ್ಲ. ಮೊದಲು ಅವನ ಪಾದ ಎತ್ತಿ, ಅಡಿಯಲ್ಲಿ ಏನಿದೆ ಎಂದು ನೋಡುತ್ತಾನೆ.

ತಪ್ಪು ಅವನದಲ್ಲ, ಕಸುಬಿನದು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಕೊಂಡು ನೂಲು ಬಿಚ್ಚಿಸುವವನು. ಮಾರುಕಟ್ಟೆಗೆ ಬರುವ ರೈತ ಒಳ್ಳೆಯ ಗೂಡನ್ನು ಮೇಲೆ ಹಾಕಿ, ಮೆತ್ತಗಿನದನ್ನು ಕೆಳಗೆ ಹಾಕಿರುತ್ತಾನೆ. ಅದಕ್ಕೇ ಇವನು ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಒಳಗಿನ ಹುಳದ ಸದ್ದು ಕೇಳಲು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾನೆ. ಈಗ ಹರಾಜು ಫೋನಿನಲ್ಲೇ ಮುಗಿಯುತ್ತದೆ. ಆದರೂ ಕೈ ಹಾಕದೆ ಇವನಿಗೆ ಅನ್ನ ಸೇರುವುದಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಸರಿ. ನನ್ನ ಮಗಳಿಗೆ ಗಂಡು ನೋಡಲು ಚಿಂತಾಮಣಿಗೆ ಹೋದಾಗ, ಹಜಾರದಲ್ಲಿ ಕೂತವರನ್ನೆಲ್ಲ ಬಿಟ್ಟು ನೇರವಾಗಿ ಹಿತ್ತಲಿಗೆ ಹೋದ. ಹಜಾರ ಎಲ್ಲರೂ ಗುಡಿಸುತ್ತಾರೆ, ಮನೆಯ ಬಂಡವಾಳ ಹಿತ್ತಲಲ್ಲಿದೆಯಂತೆ. ಅಲ್ಲಿದ್ದ ನಾಯಿ ಕಚ್ಚಿತು. ಕುಂಟುತ್ತಾ ಬಂದು ನನ್ನ ಕಿವಿಯಲ್ಲಿ ಹೇಳಿದ: "ಕೊಡಬೋದು ಕಣಕ್ಕ. ನಾಯಿ ಹಲ್ಲು ಗಟ್ಟಿಗಿದೆ. ಚೆನ್ನಾಗಿ ಊಟ ಹಾಕ್ತಾರೆ."

ಇಂಥವನಿಗೆ ಹೋದ ವರ್ಷ ನೂಲು ಬಿಚ್ಚಾಣಿಕೆ ಮನೆಯಲ್ಲಿ ತಗಡು ತಗುಲಿ ಕಾಲಿನ ಹೆಬ್ಬೆರಳು ಸೀಳಿತು. ಊರಿನವರ ತಳ ನೋಡುವವನು ತನ್ನ ಕಾಲು ನೋಡಿಕೊಂಡನೇ? ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ಮಾರುಕಟ್ಟೆಗೆ ಹೋದ. ನಾಲ್ಕನೇ ದಿನ ಗಡಗಡ ನಡುಗಿ, ಏನೇನೋ ಮಾತಾಡತೊಡಗಿದ. ಪಕ್ಕದ ಮನೆಯವರು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು. ಅವನ ಹೆಂಡತಿ ತೀರಿಕೊಂಡಿದ್ದಾಳೆ. ಒಬ್ಬಳೇ ಮಗಳು ಗೌರಿಬಿದನೂರಿನಲ್ಲಿ ಹಸಿ ಬಾಣಂತಿ. ನಮ್ಮೂರು ಕೆಂಚಾರ್ಲಹಳ್ಳಿಯಿಂದ ನಾನೇ ಬಸ್ಸು ಹತ್ತಿದೆ.

ಡಾಕ್ಟರು ಚಿಕ್ಕ ಹುಡುಗಿ. "ರಕ್ತಕ್ಕೆ ನಂಜೇರಿದೆ ಅಜ್ಜಿ" ಎಂದಳು. ದಿನಾ ಬೆಳಿಗ್ಗೆ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರಂತೆ. ಅದರಲ್ಲಿ ನಂಜಿನ ಲೆಕ್ಕ ಬರುತ್ತದಂತೆ. ಚೆನ್ನಾಗಿರುವವರಿಗೆ ಅದು ಅರ್ಧವೂ ಇರುವುದಿಲ್ಲ. ಇವನಿಗೆ ನಲವತ್ತು ದಾಟಿತ್ತು.

"ಬದುಕ್ತಾನಾ ಇಲ್ವಾ, ನೆಟ್ಟಗೆ ಹೇಳಮ್ಮ" ಎಂದೆ.

"ಒಂದು ದಿನದ್ದು ನೋಡಿ ಹೇಳೋಕಾಗಲ್ಲ ಅಜ್ಜಿ. ದಿನಾ ಇಳೀತಾ ಹೋದ್ರೆ ದಾರೀಗೆ ಬಂದ್ರು ಅಂತ. ಇಳೀದೆ ನಿಂತ್ರೆ ಕಷ್ಟ. ಬಿಪಿ, ಮೂತ್ರ ಎಲ್ಲಾನೂ ಜೊತೇಲಿ ನೋಡ್ಬೇಕು."

ಮಾರನೆಯ ದಿನ ಇನ್ನೂ ಏರಿತು. ನಾನು ಅಳಲಿಲ್ಲ. ಅತ್ತರೆ ಇಳಿಯುವ ಲೆಕ್ಕವಾಗಿದ್ದರೆ ಅಳುತ್ತಿದ್ದೆ.

ಮೂರನೆಯ ಬೆಳಿಗ್ಗೆ ಕಣ್ಣು ಬಿಟ್ಟ. ರಕ್ತ ತೆಗೆಯಲು ನರ್ಸ್ ಬಂದಳು. ಇವನು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ.

"ಕೈಯಿಂದ ಬೇಡಮ್ಮ. ಕೆಟ್ಟಿರೋದು ಕಾಲು. ಸ್ಯಾಂಪಲ್ ತಳದಿಂದ ತೆಗೀಬೇಕು. ಮೇಲಿಂದ ತೆಗೆದ್ರೆ ಒಳ್ಳೇದೇ ಬರುತ್ತೆ, ನೀವು ಮೋಸ ಹೋಗ್ತೀರ."

ಡಾಕ್ಟರನ್ನು ಕರೆಸಿದರು. "ತಾತ, ರಕ್ತ ರಾಶಿ ಹಾಕಿಟ್ಟಿಲ್ಲ. ಮೈಯೆಲ್ಲಾ ಸುತ್ತುತಾ ಇರುತ್ತೆ. ಎಲ್ಲಿ ತೆಗೆದ್ರೂ ಒಂದೇ."

"ಒಂದೇ ಆದ್ರೆ ಕಾಲಿಂದ ತೆಗೆಯೋಕೇನು?"

ಆ ಹುಡುಗಿ ಎಷ್ಟು ವರ್ಷ ಓದಿದ್ದಳೋ, ಈ ಪ್ರಶ್ನೆ ಅವಳ ಪುಸ್ತಕದಲ್ಲಿ ಇರಲಿಲ್ಲ. ನನ್ನ ಕಡೆ ತಿರುಗಿ, "ಕಾಲು ಊದಿದೆ, ಅಲ್ಲಿ ಚುಚ್ಚೋಕಾಗಲ್ಲ ಅಜ್ಜಿ. ಇವತ್ತಿಂದು ಗೊತ್ತಾಗದಿದ್ರೆ ಈ ಔಷಧಿ ಕೆಲಸ ಮಾಡ್ತಿದೆಯೋ ಇಲ್ವೋ ತಿಳಿಯೋದು ಹೇಗೆ?" ಎಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

ನಾನು ಎದ್ದೆ. "ನಿನ್ನ ಕುಂಡಿ ತೊಳೆದು ಬೆಳೆಸಿದೋಳು ನಾನು. ನಿನ್ನ ಮೇಲೂ ಗೊತ್ತು, ಕೆಳಗೂ ಗೊತ್ತು. ಕೈ ಕೊಡೋ."

ಕೊಟ್ಟ.

ಮಧ್ಯಾಹ್ನದವರೆಗೆ ನಾನು ಗೋಡೆಯ ಸುಣ್ಣ ನೋಡುತ್ತಾ ಕೂತೆ. ಡಾಕ್ಟರು ಕಾಗದ ಹಿಡಿದು ಬಂದಳು. ನಂಜು ನಿನ್ನೆಯದರ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಬಿಪಿ ಹದಕ್ಕೆ ಬಂದಿತ್ತು, ಮೂತ್ರ ಚೆನ್ನಾಗಿ ಹೋಗುತ್ತಿತ್ತು. "ದಾರೀಗೆ ಬಂದ್ರು ಅಜ್ಜಿ" ಎಂದಳು. ಎದೆಯ ಮೇಲಿಟ್ಟ ಬೀಸುವ ಕಲ್ಲನ್ನು ಯಾರೋ ಎತ್ತಿದಂತಾಯಿತು.

ಇವನಿಗೆ ಸಮಾಧಾನವೇ? "ಇನ್ನೊಂದು ಸಲ ತೆಗೆದು ನೋಡಿ" ಎಂದ. ನಾಳೆ ತೆಗೆಯುತ್ತೇವೆ ಎಂದರು. ಮಾರನೆಯ ದಿನ ನರ್ಸ್ ಬಾಗಿಲಲ್ಲಿದ್ದಾಗಲೇ ಕೈ ನೀಡಿಕೊಂಡಿದ್ದ. ಮತ್ತೂ ಇಳಿಯಿತು. ಆಗ ನರ್ಸನ್ನು ಹತ್ತಿರ ಕರೆದು, ನನಗೆ ಕೇಳಿಸದ ಹಾಗೆ, ಆದರೆ ವಾರ್ಡಿಗೆಲ್ಲ ಕೇಳಿಸುವ ಹಾಗೆ ಹೇಳಿದ:

"ನಂದು ಸಾಕಮ್ಮ. ನಮ್ಮಕ್ಕ ನಾಲ್ಕು ದಿನದಿಂದ ಸ್ಟೂಲ್ ಮೇಲೇ ಇದಾಳೆ. ಮೇಲೆ ಗಟ್ಟಿ ಕಾಣ್ತಾಳೆ ಅಷ್ಟೆ. ಅವಳದೂ ಒಂದು ತೆಗೆದು ನೋಡು."

"ನಂಗೇನಾಗಿದೆಯೋ? ಬಾಯಿ ಮುಚ್ಕೊಂಡು ಮಲಕ್ಕೋ" ಎಂದೆ.

ಅವನು ಕಷ್ಟಪಟ್ಟು ಪಕ್ಕಕ್ಕೆ ಸರಿದು, ಮಂಚದ ತುದಿಯಲ್ಲಿ ನನಗೆ ಜಾಗ ಮಾಡಿದ. ಕೂತೆ. ಅವನ ಒಳ್ಳೆಯ ಕಾಲು ನನ್ನ ತೊಡೆಗೆ ತಾಗಿತು. ಸೇರಿಸಿದ ದಿನ ಅದು ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಅವರ ಕಾಗದ ನನಗೆ ಓದಲು ಬರುವುದಿಲ್ಲ. ಸೆರಗಿನೊಳಗೆ ಕೈ ಮರೆಮಾಡಿಕೊಂಡು ಅವನ ಪಾದ ಮುಟ್ಟಿ ನೋಡಿದೆ.

ಬೆಚ್ಚಗಿತ್ತು.